ಒಂಬತ್ತು ಕಾಲ್ಮಣೆಗಳು ಮತ್ತು ಒಂದು ಬಲಗೈ

ಮಾನ್ಯ ಪೀಠೋಪಕರಣ ಮಂಜೂರಾತಿ ಅಧಿಕಾರಿಗಳೇ,

ಹಳೆಯ ಜನನ ಮರಣ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ನಮ್ಮ ವಿಭಾಗದಿಂದ ತಾವು ಒಂದೂವರೆ ವರ್ಷದ ಹಿಂದೆ ಒಂಬತ್ತು ಮರದ ಕಾಲ್ಮಣೆಗಳನ್ನು ಜಪ್ತಿ ಮಾಡಿಸಿದಿರಿ. ಅದರಿಂದ ನನ್ನ ಬಲಗೈ ಹೋಯಿತು. ಹೀಗೆ ಒಂದೇ ಉಸಿರಿನಲ್ಲಿ ಹೇಳಿದರೆ ಎತ್ತಣಿಂದೆತ್ತ ಸಂಬಂಧ ಎನಿಸುತ್ತದೆಂದು ನನಗೆ ಗೊತ್ತು. ತಾವೂ ಹಾಗೆಯೇ ಕೇಳಿದಿರಿ. "ಕಾಲಿಗೆ ಮಣೆ ಇಲ್ಲ ಅಂತ ಕೈ ನೋವು ಬರುತ್ತೇನಮ್ಮ?" ಎಂದು ಹೇಳಿ ಪಕ್ಕದಲ್ಲಿ ನಿಂತಿದ್ದ ಗುಮಾಸ್ತರ ಕಡೆ ನೋಡಿ ನಕ್ಕಿರಿ. ಅವರೂ ನಕ್ಕರು. ನಗದೆ ಏನು ಮಾಡಿಯಾರು, ಅವರ ಕುರ್ಚಿಯ ಮಂಜೂರಾತಿಯೂ ತಮ್ಮದೇ ಅಲ್ಲವೇ? ಅದು ಮೂರು ವಾರದ ಹಿಂದೆ, ತಮ್ಮ ಕೋಣೆಯಲ್ಲಿ. ತಮ್ಮ ಪ್ರಶ್ನೆಗೆ ಈಗ ಈ ಬಹಿರಂಗ ಪತ್ರದಲ್ಲಿ, ನಾಲ್ಕು ಜನರೆದುರು ಉತ್ತರ ಕೊಡುತ್ತಿದ್ದೇನೆ.

ಈ ಪತ್ರ ಟೈಪಾಗಿಲ್ಲ, ಮನ್ನಿಸಬೇಕು. ಹತ್ತೊಂಬತ್ತು ವರ್ಷ ಟೈಪಿಸ್ಟ್ ಆಗಿದ್ದವಳ ಪತ್ರ ಕೈಬರಹದಲ್ಲಿ, ಅದೂ ಬಡಗಿಯ ಪೆನ್ಸಿಲ್ಲಿನಲ್ಲಿ ತಮ್ಮ ಮೇಜಿಗೆ ಬಂದಿದೆ. ಹೇಳುತ್ತಿರುವವಳು ನಾನು, ಬರೆಯುತ್ತಿರುವವರು ನಮ್ಮನೆಯವರು. ಅವರು ಬಡಗಿ. ಹಲಗೆಯ ಮೇಲೆ ಗುರುತು ಹಾಕಿ ಅಭ್ಯಾಸವಾದ್ದರಿಂದ ಅಕ್ಷರ ದಪ್ಪ, ಸಾಲು ಮಾತ್ರ ನೆಟ್ಟಗಿದೆ. ನಡುನಡುವೆ ನಾನು ಹೇಳದ ಮಾತುಗಳನ್ನೂ ಸೇರಿಸಲು ನೋಡುತ್ತಾರೆ. ಅಂಥವನ್ನು ಅಳಿಸಲು ಒಂದು ರಬ್ಬರನ್ನು ನನ್ನ ಎಡಗೈಯಲ್ಲಿ ಹಿಡಿದುಕೊಂಡೇ ಕೂತಿದ್ದೇನೆ.

ತಾವು ನಮ್ಮ ವಿಭಾಗಕ್ಕೆ ಬಂದಿದ್ದೀರಿ. ಆದರೆ ಆಗ ನೋಡಿದ್ದು ಪೀಠೋಪಕರಣಗಳನ್ನು, ಅವುಗಳ ಮೇಲೆ ಕೂತವರನ್ನಲ್ಲ. ಆದ್ದರಿಂದ ಇನ್ನೊಮ್ಮೆ ತೋರಿಸುತ್ತೇನೆ. ಕಚೇರಿಯ ಹಿಂಬದಿಯ ಉದ್ದನೆಯ ಹಾಲಿನಲ್ಲಿ ಒಂಬತ್ತು ಕಬ್ಬಿಣದ ಮೇಜುಗಳಿವೆ. ವೈರುಗಳು ಅವುಗಳ ಕಾಲಿನೊಳಗಿಂದ ಹಾದು ಬರುವುದರಿಂದ ಎಲ್ಲವನ್ನೂ ನೆಲಕ್ಕೆ ಬೋಲ್ಟ್ ಹಾಕಿ ಬಿಗಿದಿದ್ದಾರೆ. ಇವು ಕಂಪ್ಯೂಟರಿಗೆಂದು ಮಾಡಿದ ಮೇಜುಗಳಲ್ಲ, ಹಿಂದೆ ದೊಡ್ಡ ರಿಜಿಸ್ಟರುಗಳನ್ನು ಹರಡಿಕೊಂಡು ನೋಡಲೆಂದು ಮಾಡಿಸಿದ ಎತ್ತರದ ಮೇಜುಗಳು. ಅವುಗಳ ಮುಂದೆ ಏರಿಸಲು ಇಳಿಸಲು ಬಾರದ ಗಿಡ್ಡ ಕುರ್ಚಿಗಳು. ಕೂತರೆ ಕೀಬೋರ್ಡು ಎದೆಯ ಮಟ್ಟಕ್ಕೆ ಬರುತ್ತದೆ. ಹೆಗಲೆರಡನ್ನೂ ಕಿವಿಯ ತನಕ ಎತ್ತಿ, ಮಣಿಕಟ್ಟನ್ನು ಮೇಲಕ್ಕೆ ಬಾಗಿಸಿ, ಮೇಜಿನ ಹರಿತವಾದ ಅಂಚಿನ ಮೇಲೆ ಕೈಯ ಭಾರವೆಲ್ಲ ಹಾಕಿ ಟೈಪ್ ಮಾಡಬೇಕು. ದಿನಕ್ಕೆ ಇನ್ನೂರ ಇಪ್ಪತ್ತು ನಮೂದುಗಳು. ಹುಟ್ಟಿದವರ ಹೆಸರು, ಹೆತ್ತವರ ಹೆಸರು, ಸತ್ತವರ ಹೆಸರು, ಸತ್ತ ಕಾರಣ. ಹಳೆಯ ಗುಮಾಸ್ತರ ಬರಹ ಓದಲು ಕತ್ತು ಎಡಕ್ಕೆ, ಪರದೆ ನೋಡಲು ಕತ್ತು ಬಲಕ್ಕೆ.

ಇನ್ನು ಕುರ್ಚಿಯ ಕೈಗಳ ವಿಚಾರ. ಮೊಣಕೈಗೆ ಆಸರೆ ಕೊಡುವ, ಸನ್ನೆಕೋಲು ಒತ್ತಿದರೆ ಏರಿ ಇಳಿಯುವ ಕುರ್ಚಿ ಮೂರನೇ ಶ್ರೇಣಿ ಮತ್ತು ಅದರ ಮೇಲಿನವರಿಗೆ ಮಾತ್ರ ಎಂದು ತಮ್ಮ ನಿಯಮಾವಳಿ ಹೇಳುತ್ತದೆ. ನಾವು ಆರನೇ ಶ್ರೇಣಿ. ದಿನಕ್ಕೆ ನಾಲ್ಕು ಸಹಿ ಹಾಕುವವರ ಮೊಣಕೈಗೆ ಮೆತ್ತೆ, ದಿನಕ್ಕೆ ನಲವತ್ತು ಸಾವಿರ ಸಲ ಬೆರಳು ಆಡಿಸುವವರ ಮೊಣಕೈಗೆ ಗಾಳಿ. ಇದನ್ನು ಬರೆದವರು ಯಾರೆಂದು ತಿಳಿಯದು, ಆದರೆ ಬರೆಯುವಾಗ ಅವರು ಯಾವ ಕುರ್ಚಿಯಲ್ಲಿ ಕೂತಿದ್ದರೆಂದು ಬಲ್ಲೆ.

ನಾಲ್ಕು ವರ್ಷದ ಹಿಂದೆ ನನ್ನ ಬೆರಳುಗಳಲ್ಲಿ ಜುಮುಜುಮು ಶುರುವಾಯಿತು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಈ ಮೂರರಲ್ಲೇ ಇರುವೆ ಹರಿದಂತೆ. ಬಟ್ಟೆ ಹಿಂಡಿದ್ದು ಹೆಚ್ಚಾಯಿತೇನೋ ಅಂದುಕೊಂಡೆ. ಕೊನೇ ಮೇಜಿನ ಅಕ್ಕ, ನಮ್ಮೆಲ್ಲರಿಗಿಂತ ಹಿರಿಯರು, ತಮ್ಮ ಹೆಗಲುನೋವಿಗೆ ಮಲಗುವ ದಿಂಬನ್ನು ದೂರುತ್ತಿದ್ದರು. ನಮ್ಮ ಜಾತಿಯೇ ಹಾಗೆ, ನೋವು ಬಂದರೆ ಮೊದಲು ಮನೆಯ ಸಾಮಾನನ್ನು ಶಂಕಿಸುತ್ತೇವೆ. ಕಚೇರಿಯ ಮೇಜು ಬೋಲ್ಟ್ ಹಾಕಿಸಿಕೊಂಡು ಗಂಭೀರವಾಗಿ ನಿಂತಿರುವಾಗ ಅದರ ಮೇಲೆ ಅನುಮಾನ ಹೇಗೆ ಬಂದೀತು?

ಅನುಮಾನ ಬಂದದ್ದು ನಮ್ಮನೆಯವರಿಗೆ. ಒಂದು ಸಂಜೆ ನನ್ನನ್ನು ಕರೆದೊಯ್ಯಲು ಬಂದವರು ಹಾಲಿನ ಬಾಗಿಲಲ್ಲಿ ನಿಂತು ನಾವು ಕೆಲಸ ಮುಗಿಸುವುದನ್ನು ನೋಡುತ್ತಿದ್ದರು. ಆಮೇಲೆ ಒಳಗೆ ಬಂದು ಜೇಬಿನಿಂದ ಅಳತೆ ಟೇಪು ತೆಗೆದರು.

"ಈ ಮೇಜು ಯಾರ ಅಳತೆಗೆ ಮಾಡಿದ್ದು?"

"ಯಾರ ಅಳತೆಗೂ ಅಲ್ಲ. ಕಚೇರಿದು."

"ನಮ್ಮ ಅಂಗಡೀಲಿ ಹೊಸ ಆಳು ಬಂದ್ರೆ ಮೊದಲು ಅವನ ಮೊಣಕೈ ಎಷ್ಟು ಎತ್ತರಕ್ಕೆ ಬರುತ್ತೆ ಅಂತ ನೋಡ್ತೀವಿ. ಆಮೇಲೆ ಬೆಂಚು. ಆಳಿಗೆ ಬೆಂಚು ಕಣೇ, ಬೆಂಚಿಗೆ ಆಳಲ್ಲ."

ಮೇಜು ಇಳಿಸಲು ಬರುವುದಿಲ್ಲ. ಹಾಗಿದ್ದರೆ ಮನುಷ್ಯರನ್ನು ಏರಿಸಬೇಕು. ನಾವು ಮನೆಯಿಂದ ಗಟ್ಟಿ ದಿಂಬುಗಳನ್ನು ತಂದು ಕುರ್ಚಿಯ ಮೇಲೆ ಹಾಕಿಕೊಂಡೆವು. ಮೊಣಕೈ ಕೀಬೋರ್ಡಿನ ಮಟ್ಟಕ್ಕೆ ಬಂತು, ಮಣಿಕಟ್ಟು ನೇರವಾಯಿತು, ಹೆಗಲು ಇಳಿಯಿತು. ಆದರೆ ಈಗ ಕಾಲು ನೆಲಕ್ಕೆ ಎಟುಕಲಿಲ್ಲ. ಕಾಲು ಜೋತಾಡಿದರೆ ಕುರ್ಚಿಯ ಅಂಚು ತೊಡೆಗೆ ಒತ್ತುತ್ತದೆ, ಅರ್ಧ ಗಂಟೆಯಲ್ಲಿ ಕಾಲು ಜೋಮು ಹಿಡಿಯುತ್ತದೆ, ದಿಂಬು ಕಿತ್ತೆಸೆದು ಮತ್ತೆ ಕೆಳಗೆ ಕೂರುವಂತಾಗುತ್ತದೆ. ಆದ್ದರಿಂದ ಅವರು ಒಂದು ಭಾನುವಾರ ಒಂಬತ್ತು ಜನರ ಮೊಣಕಾಲಿನಿಂದ ಪಾದದವರೆಗಿನ ಅಳತೆ ತೆಗೆದುಕೊಂಡು, ಅಂಗಡಿಯಲ್ಲಿ ಉಳಿದಿದ್ದ ಮರದಲ್ಲಿ ಒಂಬತ್ತು ಕಾಲ್ಮಣೆ ಮಾಡಿಕೊಟ್ಟರು. ಒಂದೊಂದರ ಎತ್ತರವೂ ಬೇರೆ. ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಮೇಜಿನ ಸಂಖ್ಯೆ ಬರೆದರು. ನನ್ನದು ಐದು. ಕೈಗೂ ಕಾಲ್ಮಣೆಗೂ ಇರುವ ಸಂಬಂಧ ಇಷ್ಟೇ, ಮಾನ್ಯರೇ. ಓದು ಬರಹ ಏಳನೇ ತರಗತಿಗೆ ನಿಲ್ಲಿಸಿದ ಒಬ್ಬ ಬಡಗಿಗೆ ಇದು ಒಂದು ಸಂಜೆಯಲ್ಲಿ ಅರ್ಥವಾಯಿತು. ತಮಗೆ ಎಷ್ಟು ಸಂಜೆ ಬೇಕು?

(ಇಲ್ಲಿ ಅವರು ಒಂದು ವಾಕ್ಯ ಸೇರಿಸಿದ್ದರು. ಅಳಿಸಿದ್ದೇನೆ.)

ಅದಾದ ಮೇಲೆ ಹದಿನಾಲ್ಕು ತಿಂಗಳು ನಮ್ಮ ವಿಭಾಗದಿಂದ ಕೈನೋವು, ಹೆಗಲುನೋವು ಎಂದು ಒಂದೇ ಒಂದು ರಜಾ ಅರ್ಜಿ ಹೋಗಲಿಲ್ಲ. ನನ್ನ ಮಾತು ನಂಬಬೇಡಿ, ರಜಾ ಪುಸ್ತಕ ತರಿಸಿ ನೋಡಿ. ಕೊನೇ ಮೇಜಿನ ಅಕ್ಕ ದಿಂಬನ್ನು ದೂರುವುದು ಬಿಟ್ಟರು. ನನ್ನ ಬೆರಳಿನ ಇರುವೆಗಳು ಎಲ್ಲಿಗೋ ಹೋದವು. ನಮೂದುಗಳ ಸಂಖ್ಯೆ ದಿನಕ್ಕೆ ಇನ್ನೂರ ಐವತ್ತು ದಾಟಿತು, ಅದಕ್ಕೆ ಮೇಲಿನವರು ತಮ್ಮನ್ನು ತಾವೇ ಅಭಿನಂದಿಸಿಕೊಂಡು ಸುತ್ತೋಲೆ ಹೊರಡಿಸಿದರು. ನಮಗೆ ಬೇಸರವಾಗಲಿಲ್ಲ. ನೋವಿಲ್ಲದ ಕೈಗೆ ಅಭಿನಂದನೆ ಬೇಕಿರಲಿಲ್ಲ.

ಆಮೇಲೆ ವಾರ್ಷಿಕ ದಾಸ್ತಾನು ಪರಿಶೀಲನೆಗೆ ತಾವು ಖುದ್ದಾಗಿ ಬಂದಿರಿ. ಮೇಜು, ಕುರ್ಚಿ, ಬೀರು, ಕಸದ ಬುಟ್ಟಿ, ಎಲ್ಲದರ ಮೇಲೂ ಬಿಳಿ ಬಣ್ಣದ ಸಂಖ್ಯೆ ಇತ್ತು. ಕಾಲ್ಮಣೆಗಳ ಮೇಲೆ ಇರಲಿಲ್ಲ.

"ಇದು ಕಚೇರಿದಾ?" ಎಂದು ಕೇಳಿದಿರಿ.

"ಅಲ್ಲ ಸರ್, ಮನೆದು," ಎಂದೆ.

"ಮನೆದು ಇಲ್ಲಿ ಯಾಕಿದೆ?"

"ಹಾಗಾದ್ರೆ ಮನೆಗೇ ತಗೊಂಡು ಹೋಗ್ತೀವಿ ಸರ್."

"ಹಾಗೆಲ್ಲ ಆಗಲ್ಲ. ಕಚೇರಿಯಿಂದ ಮರದ ಸಾಮಾನು ಹೊರಗೆ ಹೋಗ್ಬೇಕಂದ್ರೆ ಗೇಟ್ ಪಾಸ್ ಬೇಕು."

"ಗೇಟ್ ಪಾಸ್ ಕೊಡಿ ಸರ್."

"ದಾಸ್ತಾನು ಸಂಖ್ಯೆ ಇಲ್ದೆ ಗೇಟ್ ಪಾಸ್ ಹೇಗಮ್ಮ ಬರೀಲಿ?"

ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎನ್ನುತ್ತಾರೆ, ಆ ಗಾದೆಗೆ ಕೈಕಾಲು ಬಂದದ್ದನ್ನು ನಾನು ಅವತ್ತು ನೋಡಿದೆ. ಒಳಗೆ ಇರುವಂತಿಲ್ಲ, ಹೊರಗೆ ಹೋಗುವಂತಿಲ್ಲ. ಒಂಬತ್ತನ್ನೂ ತಮ್ಮ ಉಗ್ರಾಣಕ್ಕೆ ಹೊರಿಸಿದಿರಿ. ದಿಂಬುಗಳನ್ನು ಮಾತ್ರ ಬಿಟ್ಟಿರಿ, ಏಕೆಂದರೆ ನಿಯಮಾವಳಿಯಲ್ಲಿ ದಿಂಬಿನ ಪ್ರಸ್ತಾಪವೇ ಇಲ್ಲ. ಕಾಲಿಗೆ ಆಸರೆ ಇಲ್ಲದ ಮೇಲೆ ದಿಂಬಿನಿಂದ ಏನು ಪ್ರಯೋಜನ? ಒಂದು ವಾರದಲ್ಲಿ ಒಬ್ಬೊಬ್ಬರಾಗಿ ಕೆಳಗಿಳಿದು ಹಳೆಯ ಹಾಗೆಯೇ ಕೂತೆವು.

ಒಂದು ವಿಷಯ ಒಪ್ಪಿಕೊಳ್ಳಬೇಕು, ಇದನ್ನು ಇವತ್ತಿನವರೆಗೆ ನಮ್ಮನೆಯವರಿಗೂ ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ, ಅವರ ಪೆನ್ಸಿಲ್ ನಿಂತಿದೆ. ಆ ಜಪ್ತಿ ಪಟ್ಟಿಯನ್ನು ಟೈಪ್ ಮಾಡಿದವಳು ನಾನೇ. ಬೇಗ ಆಗಬೇಕೆಂದಿರಿ, ವಿಭಾಗದಲ್ಲಿ ವೇಗ ನನ್ನದೇ. ತಾವು ನಿಂತು ಹೇಳಿದಿರಿ, ನಾನು ಬೆರಳಾಡಿಸಿದೆ. "ಕ್ರಮ ಸಂಖ್ಯೆ ಒಂದರಿಂದ ಒಂಬತ್ತು. ಮರದ ತುಂಡುಗಳು. ಅನಧಿಕೃತ. ಉಪಯೋಗಕ್ಕೆ ಬಾರದವು." ಒಂದು ತಪ್ಪಿಲ್ಲ. ಉಪಯೋಗಕ್ಕೆ ಬಾರದವು ಎಂದು ಟೈಪ್ ಮಾಡುವಾಗ ನನ್ನ ಕಾಲಿನ ಕೆಳಗೆ ಐದನೇ ಮಣೆ ಇನ್ನೂ ಇತ್ತು. ಹತ್ತೊಂಬತ್ತು ವರ್ಷ ಅವರಿವರು ಬರೆದದ್ದನ್ನು ಯೋಚಿಸದೆ ಇಳಿಸಿ ಇಳಿಸಿ, ನನ್ನದೇ ಕೈಯ ಮರಣ ದಾಖಲೆಯನ್ನೂ ಹಾಗೆಯೇ ಇಳಿಸಿಬಿಟ್ಟೆ. ಇದರಲ್ಲಿ ನನ್ನ ಪಾಲಿನ ತಪ್ಪು ಅಷ್ಟಿದೆ. ಮಿಕ್ಕದ್ದು ತಮ್ಮದು.

ಎಂಟು ತಿಂಗಳಿಗೆ ಕೈ ಹೋಯಿತು. ಮೊದಲು ಲೋಟ ಜಾರಿತು, ಆಮೇಲೆ ಬೀಗದ ಕೈ ತಿರುಗಲಿಲ್ಲ, ಆಮೇಲೆ ಅಂಗಿಯ ಗುಂಡಿ. ವೈದ್ಯರ ಬಳಿ ಹೋಗುವಷ್ಟರಲ್ಲಿ ಹೆಬ್ಬೆರಳಿನ ಬುಡದ ಮಾಂಸ ಕರಗಿ ಗುಳಿ ಬಿದ್ದಿತ್ತು. ಮಣಿಕಟ್ಟಿನಲ್ಲಿ ನರ ಒತ್ತಿಹೋಗಿದೆ ಎಂದು ಕೊಯ್ದು ಬಿಡಿಸಿದರು. "ನೋವು ಹೋಗುತ್ತೆ, ಆದ್ರೆ ಹೋದ ಬಲ ಬರುತ್ತೆ ಅಂತ ಹೇಳಲಾರೆ. ಒಂದು ವರ್ಷ ಮೊದಲು ಬಂದಿದ್ರೆ ಕೂರೋ ರೀತಿ ಸರಿಮಾಡಿದ್ರೇ ಸಾಕಿತ್ತು," ಎಂದರು. ಕೂರುವ ರೀತಿ ಸರಿಮಾಡಿಯೇ ಇದ್ದೆವು, ಅದು ತಮ್ಮ ಉಗ್ರಾಣದಲ್ಲಿದೆ ಎಂದು ಅವರಿಗೆ ಹೇಗೆ ಹೇಳಲಿ? ಈಗ ಮಗಳ ಜಡೆಯನ್ನು ಅವಳಪ್ಪ ಹಾಕುತ್ತಾರೆ. ಎರಡು ಜಡೆಯೂ ಒಂದೇ ಉದ್ದ ಬರಲಿಲ್ಲವೆಂದು ಬಿಚ್ಚಿ ಮತ್ತೆ ಹೆಣೆಯುತ್ತಾರೆ, ಶಾಲೆಗೆ ದಿನವೂ ತಡ. "ಅಮ್ಮ, ನೀನು ಬರೀ ಪಕ್ಕದಲ್ಲಿ ಕೂತ್ಕೋ, ಸಾಕು," ಎನ್ನುತ್ತಾಳೆ. ಅದನ್ನು ಕೇಳಿ ಮೊದಲ ದಿನ ಅಡುಗೆಮನೆಗೆ ಹೋಗಿ ಅತ್ತೆ.

ಇಲಾಖೆ ನನ್ನ ಮೇಲೆ ಕರುಣೆ ತೋರಲಿಲ್ಲ ಎನ್ನಲಾರೆ. ಮಣಿಕಟ್ಟಿನ ನೋವೆಂದು ಬರೆದುಕೊಟ್ಟವಳನ್ನು ಟೈಪಿಂಗ್‌ನಿಂದ ಬಿಡಿಸಿ, ಬಂದ ಕಾಗದಗಳಿಗೆಲ್ಲ ಮೊಹರು ಒತ್ತುವ ಮೇಜಿಗೆ ಹಾಕಿತು. ದಿನಕ್ಕೆ ಆರುನೂರು ಮೊಹರು. ಈಗ ಎಡಗೈಯಲ್ಲಿ ಒತ್ತುತ್ತೇನೆ. ಎಡಗೈಯ ಸರದಿ ಎಂದು ಬರುತ್ತದೋ ಅದನ್ನೂ ತಮಗೆ ತಿಳಿಸಲಾಗುವುದು.

ಜೊತೆಗೆ ನಮ್ಮ ವಿಭಾಗಕ್ಕೆ ಒಂದು ಚಿತ್ರಪಟವೂ ಬಂತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರೆ, ತಾವು ಬಾಗಿಲೂ ಹಾಕಲಿಲ್ಲ, ಬಾಗಿಲಿನ ಚಿತ್ರ ಕಳಿಸಿದಿರಿ. "ಕಂಪ್ಯೂಟರಿನ ಮುಂದೆ ಸರಿಯಾಗಿ ಕೂರುವ ವಿಧಾನ." ಚೆನ್ನಾಗಿದೆ. ಒಬ್ಬ ಮನುಷ್ಯ ಏರಿಸಿ ಇಳಿಸುವ ಕುರ್ಚಿಯಲ್ಲಿ ಬೆನ್ನು ಆನಿಸಿ ಕೂತಿದ್ದಾನೆ. ಮೊಣಕೈ ಕುರ್ಚಿಯ ಕೈಯ ಮೇಲೆ, ಮಣಿಕಟ್ಟು ನೇರ, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ. ಅವನ ಕಾಲಿನ ಕೆಳಗೆ ಏನಿದೆ ಗೊತ್ತೇ ಮಾನ್ಯರೇ? ಒಂದು ಕಾಲ್ಮಣೆ. ತಮ್ಮದೇ ಮೊಹರಿನ ಅಡಿಯಲ್ಲಿ, ದಾಸ್ತಾನು ಸಂಖ್ಯೆಯಿಲ್ಲದ ಒಂದು ಅನಧಿಕೃತ ಮರದ ತುಂಡು. ಗಂಟೆಗೆ ಐದು ನಿಮಿಷ ಕೈಗೆ ಬಿಡುವು ಕೊಡಿ ಎಂದು ಕೆಳಗೆ ಬರೆದಿದೆ. ಮೂರು ನಿಮಿಷ ಕೀಲಿ ಒತ್ತದಿದ್ದರೆ ನಮ್ಮ ಪರದೆ ಕೆಂಪಾಗಿ, ಮೇಲ್ವಿಚಾರಕರ ಪರದೆಯಲ್ಲಿ ನಮ್ಮ ಮೇಜಿನ ಮುಂದೆ "ನಿಷ್ಕ್ರಿಯ" ಎಂದು ಬರುತ್ತದೆ. ಉಳಿದ ಎರಡು ನಿಮಿಷದ ಬಿಡುವನ್ನು ಎಲ್ಲಿಂದ ತರಬೇಕೆಂದು ಚಿತ್ರಪಟ ಹೇಳುವುದಿಲ್ಲ.

ಈಗ ಮೂರು ವಾರದ ಹಿಂದಿನ ಮಾತಿಗೆ ಬರುತ್ತೇನೆ. ಕಾಲ್ಮಣೆಗಳನ್ನು ವಾಪಸು ಕೊಡಿ ಎಂದು ಎಂಟು ಜನರ ಸಹಿ ಇರುವ ಮನವಿ ಹಿಡಿದು ತಮ್ಮ ಕೋಣೆಗೆ ಬಂದೆ. ತಾವು ನಕ್ಕದ್ದು ಆಗಲೇ. ನಕ್ಕ ಮೇಲೆ ಒಂದು ಗಾದೆಯನ್ನೂ ಹೇಳಿದಿರಿ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ." ಹತ್ತೊಂಬತ್ತು ವರ್ಷ ಆ ನೆಲದ ಮೇಲೇ ಕುಣಿದವಳಿಗೆ, ಅದರ ಡೊಂಕನ್ನು ಟೇಪು ಹಿಡಿದು ಅಳೆದು ತೋರಿಸಿದವರ ಹೆಂಡತಿಗೆ ತಾವು ಆ ಮಾತು ಹೇಳಿದಿರಿ. ಮನವಿಯನ್ನು ಮೇಜಿನ ಮೇಲಿಡಲು ಕೈ ಚಾಚಿದೆ. ಅಭ್ಯಾಸಬಲದಿಂದ ಬಲಗೈಯನ್ನೇ ಚಾಚಿದ್ದೆ. ಕಾಗದ ಹಿಡಿತಕ್ಕೆ ಸಿಗದೆ ಜಾರಿ ತಮ್ಮ ಮೇಜಿನ ಕೆಳಗೆ ಹೋಯಿತು. ಗುಮಾಸ್ತರು ಅಲ್ಲಾಡಲಿಲ್ಲ, ತಾವಂತೂ ಅಲ್ಲಾಡುವ ಪ್ರಶ್ನೆಯೇ ಇಲ್ಲ. ನಾನೇ ಬಗ್ಗಿದೆ.

ತಮ್ಮ ಎರಡೂ ಬೂಟುಗಳು ಹಿತವಾಗಿ, ಪಕ್ಕಪಕ್ಕದಲ್ಲಿ, ಐದನೇ ಕಾಲ್ಮಣೆಯ ಮೇಲಿದ್ದವು.

ತಪ್ಪಾಗಿ ನೋಡಿರಬಹುದು ಎನ್ನಬೇಡಿ. ಪಕ್ಕದಲ್ಲಿ ನಮ್ಮನೆಯವರ ಪೆನ್ಸಿಲ್ಲಿನ ಐದು ಇನ್ನೂ ಇತ್ತು. ನಾನು ಹಿಮ್ಮಡಿ ಉಜ್ಜಿ ಉಜ್ಜಿ ಸವೆಸಿದ ಎಡಗಡೆಯ ತಗ್ಗೂ ಇತ್ತು. ಅದರ ಪಕ್ಕ ಹೊಸದಾಗಿ ಬಿಳಿ ಬಣ್ಣದಲ್ಲಿ ಒಂದು ದಾಸ್ತಾನು ಸಂಖ್ಯೆ, ಅದರ ಮುಂದೆ ತಮ್ಮ ಹುದ್ದೆಯ ಮೊದಲಕ್ಷರಗಳು. ಅಂದರೆ ಸಂಖ್ಯೆ ಹಾಕಲು ಬರುತ್ತದೆ. ಬಣ್ಣವೂ ಇದೆ, ಕುಂಚವೂ ಇದೆ. ಮರದ ತುಂಡು ಉಪಯೋಗಕ್ಕೂ ಬರುತ್ತದೆ, ಯಾರ ಕಾಲಿನ ಕೆಳಗೆ ಎನ್ನುವುದಷ್ಟೇ ಪ್ರಶ್ನೆ. ಕಾಲಿಗೆ ಮಣೆ ಇಲ್ಲದಿದ್ದರೆ ಕೈಗೇನಾಗುತ್ತದೆ ಎಂದು ಕೇಳುವಾಗ ತಮ್ಮ ಕಾಲು ಅದರ ಮೇಲೇ ಇತ್ತು. ಏರಿಸಿ ಇಳಿಸುವ ಕುರ್ಚಿ ಇದ್ದೂ ತಮಗೆ ಅದು ಬೇಕೆನಿಸಿತು. ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಯಾವ ವೈದ್ಯರೂ ಬರೆದುಕೊಡಲಾರರು. ಕಾಗದ ಎತ್ತಿಕೊಂಡೆ, ಮೇಜಿನ ಮೇಲಿಟ್ಟೆ, ಹೊರಗೆ ಬಂದೆ. ಸಿಟ್ಟಿನಲ್ಲೇ ಮೆಟ್ಟಿಲಿಳಿದು ಮೊಹರಿನ ಮೇಜಿಗೆ ಹೋಗಿ ಕೂತೆ.

ಸಿಟ್ಟು ನನ್ನ ಕೈಗಾಗಿಯೇ ಆಗಿದ್ದರೆ ಮನೆಯಲ್ಲಿ ನುಂಗಿಕೊಂಡು ಸುಮ್ಮನಿರುತ್ತಿದ್ದೆ. ಐದನೇ ಮೇಜಿಗೆ ಈಗ ಹೊಸಬಳೊಬ್ಬಳು ಬಂದಿದ್ದಾಳೆ. ನನ್ನ ಮೊಹರಿನ ಮೇಜಿನಿಂದ ಅವಳ ಬೆನ್ನು ಕಾಣುತ್ತದೆ. ಕುರ್ಚಿಯ ತುದಿಯಲ್ಲಿ ಕೂತು ಹೆಗಲೆತ್ತಿ ಟೈಪ್ ಮಾಡುತ್ತಾಳೆ. ಒಂದೆರಡು ತಿಂಗಳಿಂದ ಪ್ರತಿ ಹತ್ತಿಪ್ಪತ್ತು ನಮೂದಿಗೊಮ್ಮೆ, ಕೈ ತೊಳೆದು ನೀರು ಕೊಡವಿದ ಹಾಗೆ ಬಲಗೈ ಕೊಡವುತ್ತಾಳೆ. ಊಟದ ಹೊತ್ತಿಗೆ ಹೋಗಿ ಕೇಳಿದೆ.

"ಬೆರಳು ಜುಮ್ ಅನ್ನುತ್ತಾ?"

"ಸ್ವಲ್ಪ, ಅಕ್ಕ. ಮಗೂನ ಎತ್ಕೊಂಡು ಓಡಾಡ್ತೀನಲ್ಲ, ಅದಕ್ಕಿರಬೇಕು."

"ಯಾವ್ಯಾವ ಬೆರಳು?"

ಹೆಬ್ಬೆರಳು, ತೋರುಬೆರಳು, ನಡುಬೆರಳು ತೋರಿಸಿದಳು. ಅವಳ ಮಗುವಿಗೆ ಎರಡು ವರ್ಷ. ನಾನು ಬಟ್ಟೆ ಹಿಂಡಿದ್ದನ್ನು ದೂರಿದೆ, ಅವಳು ಮಗುವನ್ನು ದೂರುತ್ತಿದ್ದಾಳೆ. ಮೇಜನ್ನು ದೂರಲು ಅವಳಿಗೆ ಇನ್ನೂ ಯಾರೂ ಹೇಳಿಕೊಟ್ಟಿಲ್ಲ. ಅವಳ ಕೈ ಇನ್ನೂ ಉಳಿಯುವ ಕೈ. ನನ್ನದು ಜುಮುಜುಮು ಅನ್ನುತ್ತಿದ್ದಾಗ ಹೇಗೆ ಉಳಿದಿತ್ತೋ ಹಾಗೆಯೇ. ಅದನ್ನು ಉಳಿಸಲು ಬೇಕಾದದ್ದು ಒಂದು ದಿಂಬು, ಒಂದು ಮರದ ತುಂಡು, ಗಂಟೆಗೆ ಐದು ನಿಮಿಷ. ಶಸ್ತ್ರಚಿಕಿತ್ಸೆಯೂ ಬೇಡ, ತಮ್ಮ ಕರುಣೆಯೂ ಬೇಡ.

ನಮ್ಮ ಬೇಡಿಕೆ ಹೀಗಿದೆ. ಬರುವ ತಿಂಗಳ ಮೊದಲ ತಾರೀಖಿನೊಳಗೆ ತಮ್ಮ ಉಗ್ರಾಣದಲ್ಲಿರುವ ಎಂಟು ಕಾಲ್ಮಣೆಗಳನ್ನು ಬಿಳಿ ಸಂಖ್ಯೆ ಬರೆಸಿ ಅವುಗಳ ಮೇಜಿಗೆ ಕಳಿಸಿಕೊಡಿ. ಬರೆಯುವ ಕುಂಚ ತಮ್ಮಲ್ಲಿದೆ ಎಂದು ನಾನೇ ಕಣ್ಣಾರೆ ಕಂಡಿದ್ದೇನೆ. ಗಂಟೆಗೆ ಐದು ನಿಮಿಷ ಪರದೆ ಕೆಂಪಾಗದಂತೆ ಮಾಡಿಸಿ. ಏರಿಳಿಯುವ ಕುರ್ಚಿಗಳನ್ನು ಶ್ರೇಣಿ ನೋಡಿ ಕೊಡುವುದನ್ನು ಬಿಟ್ಟು ಕೆಲಸ ನೋಡಿ ಕೊಡಿ. ಹೊಸಬಳ ಕಾಲಿನ ಅಳತೆ ನನ್ನದಕ್ಕಿಂತ ಎರಡು ಬೆರಳು ಕಡಿಮೆ, ಆದ್ದರಿಂದ ಅವಳಿಗೆ ನನ್ನ ಮಣೆ ಹೊಂದುವುದಿಲ್ಲ. ನಮ್ಮನೆಯವರು ಈಗಾಗಲೇ ಹೊಸದೊಂದನ್ನು ಮಾಡಿ ಮುಗಿಸಿದ್ದಾರೆ. ಒಂದನೇ ತಾರೀಖು ಬೆಳಿಗ್ಗೆ ಅದನ್ನು ಹೆಗಲ ಮೇಲೆ ಹೊತ್ತು ಕಚೇರಿಯ ಮುಂಬಾಗಿಲಿನಿಂದಲೇ ಬರುತ್ತಾರೆ. ಗೇಟಿನಲ್ಲಿ ತಡೆಯುವುದಿದ್ದರೆ ತಾವೇ ಕೆಳಗಿಳಿದು ಬಂದು ತಡೆಯಿರಿ, ನೋಡುವವರು ನೋಡಲಿ.

ಐದನೆಯದನ್ನು ಮಾತ್ರ ತಾವೇ ಇಟ್ಟುಕೊಳ್ಳಿ. ಅದರ ಮೇಲೆ ಕಾಲಿಟ್ಟು ಮಾಡುವ ಕೆಲಸ ನನಗೆ ಇನ್ನು ಉಳಿದಿಲ್ಲ. ಎಡಗಡೆಯ ತಗ್ಗು ಬೂಟಿಗೆ ತಾಗಿದಾಗಲೆಲ್ಲ ಅದು ಯಾರ ಹಿಮ್ಮಡಿಯದೆಂದು ತಮಗೆ ನೆನಪಿರಲಿ.

"ಕೆಳಗೆ ನಿನ್ನ ಹೆಸರು ನಾನೇ ಬರೀಲಾ?" ಎಂದು ನಮ್ಮನೆಯವರು ಕೇಳುತ್ತಿದ್ದಾರೆ. ಬೇಡವೆಂದೆ. ಮೊಹರಿನ ಮೇಜಿನ ಶಾಯಿಯ ಡಬ್ಬಿ ತಂದಿದ್ದೇನೆ.

ಇಂತಿ,
ಹತ್ತೊಂಬತ್ತು ವರ್ಷ ಊರವರ ಹುಟ್ಟು ಸಾವನ್ನೆಲ್ಲ ಒಂದು ತಪ್ಪಿಲ್ಲದೆ ಬರೆದು,
ಈಗ ತನ್ನ ಹೆಸರಿನ ಜಾಗದಲ್ಲಿ ಎಡಗೈ ಹೆಬ್ಬೆಟ್ಟು ಒತ್ತಿರುವ
ಐದನೇ ಮೇಜಿನ ಟೈಪಿಸ್ಟ್